ಎಗುಸಿ ಹಾಕಿದ ಮೇಲೆ ಸೌಟು ಕೆಳಗಿಡಿ

ಇಬಾದಾನಿನಲ್ಲಿ ನೆಲೆಸಿದ ಮೇಲೆ ನಾನು ಮನಸ್ಸಿಟ್ಟು ಕಲಿತ ಅಡುಗೆ ಎಗುಸಿ. ನೈಜೀರಿಯಾದ ನೈಋತ್ಯಕ್ಕಿರುವ ಈ ಯೊರುಬಾ ನಗರದಲ್ಲಿ ಮದುವೆ ಮನೆಯಿರಲಿ, ರಸ್ತೆ ಬದಿಯ ಬುಕಾ ಎಂಬ ಊಟದ ಅಂಗಡಿಯಿರಲಿ, ಎಗುಸಿ ಇದ್ದೇ ಇರುತ್ತದೆ. ಎಲ್ಲರೂ ಸೂಪ್ ಅನ್ನುತ್ತಾರೆ, ಆದರೆ ಬಟ್ಟಲಿಗೆ ಹಾಕಿಕೊಂಡು ಕುಡಿಯುವ ಪದಾರ್ಥವಲ್ಲ ಇದು. ತುತ್ತನ್ನು ಅದ್ದಿ, ಬಾಚಿ ತಿನ್ನುವ ಗಟ್ಟಿ ಮೇಲೋಗರ. ನನಗೆ ಕಲಿಸಿದ್ದು ಪಕ್ಕದ ಮನೆಯ ಹಿರಿಯ ಹೆಂಗಸು. ಅಳತೆ, ಹೊತ್ತು ಯಾವುದನ್ನೂ ಅವರು ಹೇಳಿಕೊಡಲಿಲ್ಲ. ಬೀಜದ ಹಿಟ್ಟು ಪಾತ್ರೆಗೆ ಬಿದ್ದ ಮೇಲೆ ಕೈಯಾಡಿಸಬೇಡ ಅನ್ನುವುದನ್ನು ಮಾತ್ರ ಮತ್ತೆ ಮತ್ತೆ ಹೇಳಿದರು.

ಅಡುಗೆಗೆ ಹೆಸರು ಕೊಟ್ಟ ಎಗುಸಿ ಕಲ್ಲಂಗಡಿ ಜಾತಿಯ ಬಳ್ಳಿ. ಹಣ್ಣಿನ ತಿರುಳು ಕಹಿ, ಯಾರೂ ತಿನ್ನುವುದಿಲ್ಲ, ಬೆಳೆಯುವುದೇ ಬೀಜಕ್ಕಾಗಿ. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ, ಕಾಲು ಭಾಗಕ್ಕಿಂತ ತುಸು ಹೆಚ್ಚು ಪ್ರೋಟೀನು. ಈ ಅಡುಗೆಯಲ್ಲಿ ಆಗುವುದೆಲ್ಲ ಇವೆರಡರಿಂದಲೇ. ಕಾವು ತಗಲಿದಾಗ ಪ್ರೋಟೀನು ಹೆಪ್ಪುಗಟ್ಟಿ ಮೆತ್ತನೆಯ ಗಡ್ಡೆಗಳಾಗುತ್ತದೆ, ಎಣ್ಣೆ ಬಿಟ್ಟುಕೊಂಡು ಮೇಲೆ ಬರುತ್ತದೆ. ಹೆಪ್ಪುಗಟ್ಟುವ ಮೊದಲೇ ಕದಡಿದರೆ ಎಲ್ಲ ಪುಡಿಪುಡಿಯಾಗಿ ಗೊಜ್ಜಿನಲ್ಲಿ ಕರಗಿಹೋಗುತ್ತದೆ. ಇಜೆಬು ಕಡೆಯವರು ಬೇಕೆಂದೇ ನುಣುಪಾಗಿ ಮಾಡುತ್ತಾರೆ, ಅದಕ್ಕೆ ಅದರದೇ ರುಚಿಯಿದೆ. ನನಗೆ ಮಾತ್ರ ಗಡ್ಡೆ ಕಟ್ಟಿದ್ದೇ ಬೇಕು.

ಬೋಡಿಜಾ ಮಾರುಕಟ್ಟೆಯಲ್ಲಿ ಸಿಪ್ಪೆ ಸುಲಿದ ಬೀಜವನ್ನು ಕೊಂಗೊ ಎಂಬ ಅಳತೆಯಲ್ಲಿ ಮಾರುತ್ತಾರೆ. ನಾಲ್ಕು ಬೀಜ ಬಾಯಿಗೆ ಹಾಕಿಕೊಂಡು ನೋಡಿ ಕೊಳ್ಳಿ. ಹಾಲಿನಂಥ ಸಿಹಿ ಇದ್ದರೆ ಸರಿ, ಕಮಟು ಬಂದರೆ ಮುಂದಿನ ಅಂಗಡಿ. ಪ್ಯಾಕೆಟ್ಟಿನ ಪುಡಿಯನ್ನು ನಾನು ತರುವುದಿಲ್ಲ. ಇಷ್ಟು ಎಣ್ಣೆಯಿರುವ ಬೀಜ ಪುಡಿಯಾದ ಮೇಲೆ ಬಹಳ ದಿನ ತಾಳುವುದಿಲ್ಲ. ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಒಣದಾಗಿ ಪುಡಿ ಮಾಡಿ, ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಜಾರಿನ ತಳಕ್ಕೆ ಅಂಟುತ್ತದೆ.

ಐದು ಜನಕ್ಕೆ ನಾನು ಹಾಕುವುದು 250 ಗ್ರಾಂ ಬೀಜ. ತತಾಶೆ ಎಂಬ ಕೆಂಪು ದಪ್ಪ ಮೆಣಸಿನಕಾಯಿ 3, ಟೊಮೆಟೊ 2, ಈರುಳ್ಳಿ 1, ಅತ ರೋಡೊ 2, ಇಷ್ಟನ್ನು ತರಿತರಿಯಾಗಿ ರುಬ್ಬುತ್ತೇನೆ. ರೋಡೊ ನೋಡಲು ಪುಟ್ಟದು, ಖಾರ ಭಾರಿ, ಘಮ ಇನ್ನೂ ಭಾರಿ. ಖಾರ ತಾಳದವರು ಒಂದೇ ಹಾಕಿಕೊಳ್ಳಿ, ಆದರೆ ಪೂರ್ತಿ ಬಿಡಬೇಡಿ.

ಮಾಂಸವನ್ನು ಈರುಳ್ಳಿ, ಉಪ್ಪು ಹಾಕಿ ಮೊದಲೇ ಬೇಯಿಸಿ, ನೀರನ್ನು ತೆಗೆದಿಟ್ಟುಕೊಳ್ಳಬೇಕು. ಇಲ್ಲಿನವರು ಶಾಕಿ ಅಂದರೆ ಬೋಟಿ, ಪೊನ್ಮೊ ಅಂದರೆ ಕೂದಲು ತೆಗೆದು ಬೇಯಿಸಿದ ದನದ ಚರ್ಮ, ಹೊಗೆಯಲ್ಲಿ ಒಣಗಿಸಿದ ಮೀನು, ಒಣಸೀಗಡಿ ಪುಡಿ ಎಲ್ಲ ಸೇರಿಸುತ್ತಾರೆ. ನಮ್ಮ ಮನೆಯಲ್ಲಿ ಮಾಂಸ ತಿನ್ನದವರೂ ಇದ್ದಾರೆ, ಅವರಿಗೆ ಅಣಬೆ ಹಾಕಿ ಬೇರೆ ಪಾತ್ರೆಯಲ್ಲಿ ಮಾಡುತ್ತೇನೆ. ಅದೂ ಎಗುಸಿಯೇ, ಯಾರೂ ಮುಖ ಸಿಂಡರಿಸಿಲ್ಲ. ಅದಕ್ಕೆ ಕಾರಣ ‘ಇರು’ ಎಂಬ ಪದಾರ್ಥ.

ಇರು ಅಂದರೆ ಒಂದು ಬಗೆಯ ಮರದ ಕಾಯಿಯ ಕಾಳನ್ನು ಗಂಟೆಗಟ್ಟಲೆ ಬೇಯಿಸಿ, ಸಿಪ್ಪೆ ತಿಕ್ಕಿ ತೊಳೆದು, ಮತ್ತೆ ಬೇಯಿಸಿ, ಮುಚ್ಚಿಟ್ಟು ಎರಡು ಮೂರು ದಿನ ಹುದುಗಲು ಬಿಟ್ಟದ್ದು. ವಾಸನೆ ಜೋರು. ಡಬ್ಬಿ ತೆರೆದರೆ ಪಕ್ಕದ ಕೋಣೆಯವರೆಗೂ ಗೊತ್ತಾಗುತ್ತದೆ. ಬಿಸಿ ಎಣ್ಣೆಗೆ ಬಿದ್ದೊಡನೆ ಆ ಗಾಢ ವಾಸನೆ ತಿರುಗಿ, ಮಾಂಸ ಹುರಿದ ಘಮದ ಹತ್ತಿರ ಬರುತ್ತದೆ. ಕಾಳು ಬಿಡಿಬಿಡಿಯಾಗಿರುವುದು ಇರು ವೊರೊ, ಮೆತ್ತಗೆ ಅರೆದಂತಿರುವುದು ಇರು ಪೆತೆ. ಎಗುಸಿಗೆ ನಾನು ವೊರೊ ಹಾಕುತ್ತೇನೆ, ತೊಳೆದು ಕಲ್ಲು ತೆಗೆದು, ಎರಡು ಚಮಚ. ಇದನ್ನು ಬಿಟ್ಟು ಬರೀ ಸ್ಟಾಕ್ ಕ್ಯೂಬು ಉದುರಿಸಿದ ಎಗುಸಿಗೆ ತಳಪಾಯವೇ ಇರುವುದಿಲ್ಲ.

ಅಗಲ ತಳದ ಪಾತ್ರೆಯಲ್ಲಿ 150 ಮಿಲಿ ಎಪೊ ಪುಪ, ಅಂದರೆ ಕೆಂಪು ತಾಳೆ ಎಣ್ಣೆ. ನಡು ಉರಿಯಲ್ಲಿ ಕಾಯಿಸಿ, ಹೊಗೆಯಾಡುವವರೆಗೆ ಬಿಡಬೇಡಿ. ಹೆಚ್ಚಿದ ಈರುಳ್ಳಿ, ಇರು, ಆಮೇಲೆ ರುಬ್ಬಿದ ಮೆಣಸು. ನೀರಿಂಗಿ ಎಣ್ಣೆ ಬಿಡಲು 15-20 ನಿಮಿಷ ಬೇಕು. ಟೊಮೆಟೊದ ಹಸಿ ಹುಳಿ ಹೋಗುವವರೆಗೆ ಆತುರ ಬೇಡ. ಹುರಿದದ್ದಕ್ಕೆ ಎರಡು ಲೋಟ ಮಾಂಸದ ನೀರು ಬೆರೆಸಿ ಸಣ್ಣಗೆ ಕುದಿಸಿ.

ಅಷ್ಟರಲ್ಲಿ ಬೀಜದ ಪುಡಿಗೆ ರುಬ್ಬಿದ ಒಂದು ಈರುಳ್ಳಿ, ನಾಲ್ಕೈದು ಚಮಚ ನೀರು ಬೆರೆಸಿ ಕಲಸಿಡಿ. ಚಮಚ ಬೋರಲು ಹಿಡಿದರೂ ತಟ್ಟನೆ ಬೀಳಬಾರದು, ಅದೇ ಹದ. ಕುದಿಯುವ ಮೆಣಸಿನ ಮೇಲೆ ಒಂದೊಂದೇ ಚಮಚ, ಬೇರೆ ಬೇರೆ ಜಾಗದಲ್ಲಿ ಇಳಿಬಿಡಿ. ಮುಚ್ಚಳ ಹಾಕಿ, ಉರಿ ತಗ್ಗಿಸಿ, 10 ನಿಮಿಷ ಕೈಕಟ್ಟಿ ನಿಲ್ಲಿ.

ಮುಚ್ಚಳ ತೆಗೆದಾಗ ನೋಡಬೇಕಾದ್ದು ಅಂಚು. ಮೊದಲು ಪಾತ್ರೆಯ ಗೋಡೆಗುಂಟ ಕೆಂಪೆಣ್ಣೆಯ ತೆಳು ಗೆರೆ ಕಾಣುತ್ತದೆ. ಹಾಕಿದಾಗ ಹಸಿಯಾಗಿ ಮಿನುಗುತ್ತಿದ್ದ ಗುಪ್ಪೆಗಳು ಮಾಸಲು ಹಳದಿಗೆ ತಿರುಗಿ, ಮೇಲೆ ಸಣ್ಣ ಬಿರುಕು ಬಿಟ್ಟಿರುತ್ತವೆ, ಬಿರುಕಿನೊಳಗಿಂದ ಎಣ್ಣೆ ಪಿಳಪಿಳ ಉಕ್ಕುತ್ತದೆ. ಈಗ ಚಪ್ಪಟೆ ಸೌಟನ್ನು ತಳಕ್ಕೆ ತಾಗಿಸಿ ಒಂದೇ ಸಲ ಮಗುಚಿ. ಗುಪ್ಪೆಗಳು ತಾವಾಗಿಯೇ ನೆಲ್ಲಿಕಾಯಿ ಗಾತ್ರದ ಗಡ್ಡೆಗಳಾಗಿ ಒಡೆಯುತ್ತವೆ. ಮಾಂಸ, ಒಣಮೀನು ಸೇರಿಸಿ ಮತ್ತೆ 10-15 ನಿಮಿಷ, ಎಣ್ಣೆ ಪೂರ್ತಿ ಮೇಲೆ ನಿಲ್ಲುವವರೆಗೆ. ಎಣ್ಣೆ ಮೇಲೆ ಬಾರದ ಎಗುಸಿ ಇನ್ನೂ ಹಸಿ, ಗಡಿಯಾರ ಏನೇ ಹೇಳಲಿ.

ಸೊಪ್ಪು ಕೊನೆಗೆ. ಇಲ್ಲಿ ಶೊಕೊ, ತೆತೆ ಎರಡೂ ಸಿಗುತ್ತವೆ. ಶೊಕೊ ಬೇರೆ ಯಾವುದೂ ಅಲ್ಲ, ಹಳೇ ಮೈಸೂರು ಕಡೆಯ ರಾಗಿ ಹೊಲದಲ್ಲಿ ಕಳೆಯಾಗಿ ಬೆಳೆಯುವ ಅಣ್ಣೆ ಸೊಪ್ಪು. ಇಲ್ಲಿ ಅದನ್ನೇ ಮಡಿ ಮಾಡಿ ಬೆಳೆದು ಕಟ್ಟುಕಟ್ಟಾಗಿ ಮಾರುತ್ತಾರೆ. ತೆತೆ ನಮ್ಮ ಹರಿವೆ. ಹೆಚ್ಚಿ, ಬಿಸಿನೀರಿನಲ್ಲಿ ಅದ್ದಿ ತೆಗೆದು, ತಣ್ಣೀರಿಗೆ ಹಾಕಿ, ಎರಡೂ ಕೈಯಲ್ಲಿ ಚೆನ್ನಾಗಿ ಹಿಂಡಿ. ಹಿಂಡದಿದ್ದರೆ ಅಷ್ಟೊತ್ತು ಕಾದು ಗಟ್ಟಿ ಮಾಡಿದ್ದೆಲ್ಲ ನೀರಾಗುತ್ತದೆ. ಹಾಕಿದ ಮೇಲೆ 3 ನಿಮಿಷ ಸಾಕು, ಹಸಿರು ಹಸಿರಾಗಿಯೇ ಇರಬೇಕು.

ಜೊತೆಗೆ ಯಾಮ್ ಗೆಣಸನ್ನು (ಸಿಹಿಗೆಣಸಲ್ಲ) ಬೇಯಿಸಿ ಕುಟ್ಟಿದ ಇಯಾನ್ ಮುದ್ದೆ ಇದ್ದರೆ ಅದೇ ಹಬ್ಬ. ಒರಳಿಲ್ಲದ ಮನೆಯಲ್ಲಿ ಅಮಲ ಸುಲಭ: ಒಣಗಿಸಿದ ಅದೇ ಗೆಣಸಿನ ಕಂದು ಹಿಟ್ಟನ್ನು ಕುದಿಯುವ ನೀರಿಗೆ ಸುರಿದು ಮರದ ಕೋಲಿನಿಂದ ತಿರುವಬೇಕು, ರಾಗಿ ಮುದ್ದೆ ತೊಳಸಿದ ಕೈಗೆ ಇದು ಹೊಸದೇನಲ್ಲ.

ಊರಿಗೆ ಹೋದಾಗ ಬೆಂಗಳೂರಿನಲ್ಲೂ ಮಾಡಿದ್ದೇನೆ. ಅಲ್ಲಿ ಸಿಹಿತಿಂಡಿಗೆ ಹಾಕುವ ಸುಲಿದ ಕಲ್ಲಂಗಡಿ ಬೀಜ ದಿನಸಿ ಅಂಗಡಿಯಲ್ಲಿ ಸಿಗುತ್ತದೆ, ಗಡ್ಡೆ ಸ್ವಲ್ಪ ಚಿಕ್ಕದಾದರೂ ಚೆನ್ನಾಗಿಯೇ ಕಟ್ಟುತ್ತದೆ. ಸೊಪ್ಪಿಗೆ ಕೊರತೆಯಿಲ್ಲ. ಇರುವಿಗೆ ಮಾತ್ರ ಬದಲಿ ಕಾಣೆ. ಇಲ್ಲಿಂದಲೇ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಒಯ್ಯುತ್ತೇನೆ. ಹಾಕುವ ಮೊದಲು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಸಾಕು.