ಮುಖ ಬರೆಯದೆ ಮುಖ ಕಾಣಿಸಿದ್ದು: ನನ್ನ ಅನುಭವ

ಕೋಲಾರದ ಅಂತರಗಂಗೆಯ ಮೆಟ್ಟಿಲು ಹತ್ತುವವರು ಬಂಡೆಗಳಲ್ಲಿ ಆನೆಯ ಸೊಂಡಿಲನ್ನೋ ಅಜ್ಜನ ಮೂಗನ್ನೋ ಕಂಡು ಜೊತೆಯವರಿಗೆ ತೋರಿಸುವುದುಂಟು. ಆ ಮುಖಗಳನ್ನೇ, ನೋಡುವವರು ಹುಡುಕಿ ಕಾಣುವಂತೆ ಅಡಗಿಸಿ ಕಾಗದಕ್ಕೆ ತರಲು ನಾನು ಹೊರಟಾಗ ನಮ್ಮೂರಿನ ಹಿರಿಯ ಕಲಾವಿದರೊಬ್ಬರು, “ಇದು ಮಕ್ಕಳ ಪತ್ರಿಕೆಯ ಒಗಟಿನ ಚಿತ್ರವಾದೀತಪ್ಪ, ಗೋಡೆಗೆ ಹಾಕುವ ಚಿತ್ರವಾಗದು” ಎಂದರು. ನಾಲ್ಕು ವರ್ಷ ಅವರ ಮಾತೇ ನಿಜವಾಗಿತ್ತು. ಐದನೆಯ ವರ್ಷ ಬೆಂಗಳೂರಿನ ಚಿತ್ರಸಂತೆಗೆ ಒಯ್ದ 14 ಚಿತ್ರಗಳಲ್ಲಿ 11 ಸಂಜೆಯೊಳಗೆ ಮಾರಾಟವಾದವು.

ಮೊದಲು ನಾನು ಮುಖವನ್ನು ಬರೆದು, ಆಮೇಲೆ ಅದರ ಮೇಲೆ ಬಂಡೆಯನ್ನು ಹೊದಿಸುತ್ತಿದ್ದೆ. ನೋಡಿದವರೆಲ್ಲ ಕ್ಷಣದಲ್ಲೇ ಅದನ್ನು ಹಿಡಿದುಬಿಡುತ್ತಿದ್ದರು. ಮಸಿ ಚೆಲ್ಲಿ ಹಾಳೆ ಮಡಿಸಿದರೆ ಎರಡೂ ಬದಿ ಒಂದೇ ಸಮನಾಗಿ, ಬರೀ ಬಾವಲಿ ಮತ್ತು ಮುಖವಾಡಗಳೇ ಬಂದವು. ಹಾಳೆಯೊಂದಕ್ಕೆ ಸುಮಾರು 200 ರೂಪಾಯಿಯ ಹತ್ತಿಕಾಗದದಲ್ಲಿ ಅರುವತ್ತಾದರೂ ಹಾಳಾಗಿರಬೇಕು. ಅಂದರೆ ಹನ್ನೆರಡು ಸಾವಿರ ಅಲ್ಲಿಯೇ ಹೋಯಿತು.

ದಾರಿ ತೋರಿಸಿದ್ದು ಶಾಸನದ ಪಡಿಯಚ್ಚು. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಒಂದು ಸಂಪುಟವನ್ನೇ ತುಂಬಿದ ಜಿಲ್ಲೆ ನಮ್ಮದು; ಒದ್ದೆ ಕಾಗದವನ್ನು ಕಲ್ಲಿಗೆ ಬ್ರಷ್‌ನಿಂದ ಬಡಿದು ಕೂರಿಸಿ, ಮೇಲೆ ಮಸಿ ಒತ್ತುವುದನ್ನು ನಾನು ಹುಡುಗನಾಗಿದ್ದಾಗಲೇ ನೋಡಿದ್ದೆ. ಕೆತ್ತನೆಯಿಲ್ಲದ ಬರಿಯ ಬಂಡೆಯ ಮೇಲೆ ಅದನ್ನೇ ಮಾಡಿದೆ. ದೇವಾಲಯದ ಕಲ್ಲನ್ನಾಗಲಿ ಶಾಸನವನ್ನಾಗಲಿ ನಾನು ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ. ಅಚ್ಚು ಚೆನ್ನಾಗಿಯೇ ಬಂತು, ಆದರೆ ಬಂಡೆಯಲ್ಲಿ ನಾನು ಕಂಡ ಮುಖ ಮಾತ್ರ ಅದರಲ್ಲಿರಲಿಲ್ಲ. ಸುಮಾರು ಎಂಟು ತಿಂಗಳು ಕಾಗದವನ್ನೂ ಮಸಿಯನ್ನೂ ಬದಲಿಸುತ್ತ ಕಳೆದೆ. ಕೊನೆಗೊಂದು ದಿನ ಫೋನಿನಲ್ಲಿ ಆ ಅಚ್ಚಿನ ಫೋಟೋ ತೆಗೆದು ಕಪ್ಪು ಬಿಳುಪನ್ನು ಅದಲುಬದಲು ಮಾಡಿ ನೋಡಿದಾಗ ಮುಖ ಎದ್ದು ನಿಂತಿತು. ಪಡಿಯಚ್ಚಿನಲ್ಲಿ ಉಬ್ಬು ಕಪ್ಪಾಗುತ್ತದೆ, ತಗ್ಗು ಬಿಳಿಯಾಗಿ ಉಳಿಯುತ್ತದೆ. ಕಣ್ಣಿನ ಗುಳಿ ಬಿಳಿಯಾದರೆ ನಮ್ಮ ಕಣ್ಣು ಅದನ್ನು ಮುಖವೆಂದು ಒಪ್ಪುವುದೇ ಇಲ್ಲ. 1976ರಲ್ಲಿ ವೈಕಿಂಗ್ 1 ನೌಕೆ ತೆಗೆದ ಚಿತ್ರದಲ್ಲಿ ಕಂಡ ಮಂಗಳ ಗ್ರಹದ ‘ಮುಖ’ವನ್ನು ಮಾಡಿದ್ದೂ ಓರೆ ಬಿಸಿಲು ಗುಳಿಗಳಲ್ಲಿ ತುಂಬಿದ ನೆರಳೇ; 2001ರ ಸ್ಪಷ್ಟ ಚಿತ್ರದಲ್ಲಿ ಅದು ಬರೀ ಗುಡ್ಡವಾಗಿತ್ತು.

ಆದ್ದರಿಂದ ಈಗ ಕಾಗದ ಬಂಡೆಯ ಮೇಲೆಯೇ ಒಣಗಿದ ನಂತರ ಮಸಿಯ ಬದಲು ಮೇಣ ಉಜ್ಜುತ್ತೇನೆ. ಮನೆಗೆ ತಂದು ತೆಳುವಾದ ಇಂಡಿಯನ್ ಇಂಕ್ ಹರಿಸಿದರೆ ಮೇಣವಿರುವ ಉಬ್ಬು ಬಿಳಿಯಾಗಿ ಉಳಿದು, ತಗ್ಗುಗಳು ಕಪ್ಪನ್ನು ಹೀರುತ್ತವೆ. ಬರೀ ಮೇಣದಬತ್ತಿ ಸಾಲದು. ಅದಕ್ಕೆ ನಾನು ಬೆರೆಸುವ ವಸ್ತುವನ್ನೂ ಅಳತೆಯನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹತ್ತು ಅಚ್ಚುಗಳಲ್ಲಿ ಮೂರರಲ್ಲಿ ಮುಖ ಸಿಗುತ್ತದೆ. ವಾರವಿಡೀ ಗೋಡೆಯಲ್ಲಿಟ್ಟು, ನಾಲ್ಕೂ ಬದಿಗೆ ತಿರುಗಿಸಿ ನೋಡಿದ ಮೇಲೆಯೇ ಕುಂಚ ಮುಟ್ಟುತ್ತೇನೆ. ಹುಬ್ಬಿನ ಕೆಳಗೆ ಮತ್ತು ಮೂಗಿನ ಕೆಳಗೆ ನೆರಳು ಕೊಡುತ್ತೇನೆ, ಮುಖದ ಹೊರಗೆರೆಯನ್ನು ಎಂದಿಗೂ ಎಳೆಯುವುದಿಲ್ಲ. ಇಪ್ಪತ್ತು ಗೆರೆ ದಾಟಿದ ಚಿತ್ರ ನನಗೆ ಒಮ್ಮೆಯೂ ದಕ್ಕಿಲ್ಲ. ಪರೀಕ್ಷೆಗೆ ಫೋನಿನ ಕ್ಯಾಮೆರಾ ಸಾಕು: ಒಂದು ಅಡಿ ದೂರದಲ್ಲೇ ಮುಖ ಗುರುತಿಸುವ ಚೌಕ ಬಿದ್ದರೆ ನೆರಳನ್ನು ತೆಳುವಾಗಿಸಬೇಕು, ಎಂಟು ಅಡಿಯಲ್ಲೂ ಬೀಳದಿದ್ದರೆ ಇನ್ನಷ್ಟು ಕೊಡಬೇಕು.

ಇದರ ನಡುವೆ ಶಿಡ್ಲಘಟ್ಟದ ಪರಿಚಿತರೊಬ್ಬರಿಂದ ರೇಷ್ಮೆಗೂಡು ಬೇಯಿಸಿದ ನೀರನ್ನು ತಂದು ಕಾಗದಕ್ಕೆ ಬಳಿದು ನೋಡಿದೆ. ಅದರಲ್ಲಿರುವ ರೇಷ್ಮೆಯ ಅಂಟಿನಿಂದ ಮಸಿ ಹರಡದೆ ಅಂಚು ಚೂಪಾಗಿ ನಿಂತಿತು, ಆದರೆ ವಾಸನೆ ತಿಂಗಳಾದರೂ ಹೋಗಲಿಲ್ಲ. ವಾಸನೆ ತೆಗೆಯುವ ಉಪಾಯ ಸಿಕ್ಕರೆ ಮತ್ತೆ ಹಿಡಿಯುವ ಆಸೆಯಿದೆ.

ಅತಿ ದುಬಾರಿಯಾದ ಪಾಠ ಗಾಜಿನದು. ಮೊದಲ ಪ್ರದರ್ಶನದಲ್ಲಿ ಮಾಮೂಲಿ ಗಾಜು ಹಾಕಿಸಿದ್ದರಿಂದ, ಅಡಗಿದ ಮುಖವನ್ನು ಹುಡುಕಲು ಬಂದವರಿಗೆ ಅವರವರ ಮುಖವೇ ಕಾಣಿಸಿತು, ಒಂದೂ ಮಾರಾಟವಾಗಲಿಲ್ಲ. ಚೌಕಟ್ಟು ಕಟ್ಟುವವರು “ಸಾರ್, ಹೊಳಪಿಲ್ಲದ ಮ್ಯಾಟ್ ಗಾಜಿಗೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ” ಎಂದು ಎಚ್ಚರಿಸಿದರೂ ಎಲ್ಲವನ್ನೂ ಬದಲಿಸಿದೆ. ಈಗ ಚೌಕಟ್ಟೂ ಸೇರಿ ಒಂದಕ್ಕೆ 1,500 ರೂಪಾಯಿಯಷ್ಟು ಖರ್ಚು, ಮಾರುವುದು 3,500ರಿಂದ 6,000ಕ್ಕೆ. ಆ ಹಿರಿಯರ ಮನೆಯ ಪಡಸಾಲೆಯಲ್ಲಿ ನನ್ನದೊಂದು ಚಿತ್ರವಿದೆ; ಹಣ ಬೇಡವೆಂದರೂ ಕೇಳದೆ ಪೂರ್ತಿ ಬೆಲೆ ಕೊಟ್ಟೇ ಕೊಂಡರು.