ಹೊಸಬರಿಗೆ ಸ್ಕಾ ಕೇಳಿಸುವಾಗ ನಾನು ಕೊಡುವುದು ಜೋಡಿ ಹಾಡು

ಸ್ಕಾ ಎಂದರೆ ರೆಗೆಗಿಂತ ಮೊದಲು ಜಮೈಕಾದಲ್ಲಿ ಹುಟ್ಟಿದ ಕುಣಿತದ ಸಂಗೀತ. ಅದನ್ನು ಕೇಳಬೇಕು, ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಉದ್ದದ ಪ್ಲೇಲಿಸ್ಟ್ ಕಳಿಸುವುದಿಲ್ಲ. ಐವತ್ತು ಹಾಡು ಕಳಿಸಿದರೆ ಮೂರನೆಯದಕ್ಕೇ ಎದ್ದು ಹೋಗುತ್ತಾರೆ. ಕಿವಿಗೆ ಇನ್ನೂ ಹಿಡಿತ ಸಿಕ್ಕಿರುವುದಿಲ್ಲವಲ್ಲ, ಎಲ್ಲವೂ ಒಂದೇ ಥರ ಕೇಳಿಸುತ್ತವೆ. ಹಾಗಾಗಿ ಮೊದಲು ಕೊಡುವುದು ಎರಡೇ. ಅದೂ ಒಂದೇ ಹಾಡಿನ ಎರಡು ರೂಪ.

ನಮ್ಮ ಕಡೆಯವರಿಗೆ ಬಾಬ್ ಮಾರ್ಲಿ ಗೊತ್ತು. ಹಾಡು ಗೊತ್ತಿಲ್ಲದಿದ್ದರೂ ಗೋಕರ್ಣದ ಅಂಗಡಿಗಳಲ್ಲಿ ನೇತಾಡುವ ಟೀ ಶರ್ಟಿನ ಮುಖವಾದರೂ ಗೊತ್ತು. ಅವರಿಗೆ ಮೊದಲು 'ಒನ್ ಲವ್'ನ 1977ರ ರೂಪ ಹಾಕುತ್ತೇನೆ. ಎಲ್ಲರೂ ಕೇಳಿರುವ, ನಿಧಾನಕ್ಕೆ ತೂಗುವ ರೆಗೆ ಅದು. ಅದು ಮುಗಿದ ಕೂಡಲೇ, ಮಾತಾಡಲು ಬಿಡದೆ, 1965ರದ್ದು ಹಾಕುತ್ತೇನೆ. ಮಾರ್ಲಿ, ಪೀಟರ್ ಟಾಷ್, ಬನ್ನಿ ಲಿವಿಂಗ್‌ಸ್ಟನ್ ಇನ್ನೂ ಹುಡುಗರಾಗಿದ್ದಾಗ ವೇಲರ್ಸ್ ಹೆಸರಿನಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಸ್ಟುಡಿಯೋ ಒನ್ ಎಂಬ ರೆಕಾರ್ಡ್ ಕಂಪನಿಗೆ ಹಾಡಿದ್ದು. ಹಾಡು ಅದೇ, ನಡಿಗೆ ಮಾತ್ರ ಬೇರೆ. ಕುಳಿತವರ ಮೊಣಕಾಲು ತಾನಾಗಿ ಅಲ್ಲಾಡಲು ಶುರುವಾಗುತ್ತದೆ. 'ಈಗ ಕೇಳಿದಿರಲ್ಲ, ಇದು ಸ್ಕಾ' ಎಂದರೆ ಅರ್ಧ ಕೆಲಸ ಮುಗಿಯಿತು.

ಇನ್ನರ್ಧ ಕೈಯಲ್ಲಿದೆ. ಕಾಲಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ತಟ್ಟಿ, ಪ್ರತಿ ಎರಡು ಎಣಿಕೆಗಳ ನಡುವೆ ಚಪ್ಪಾಳೆ ಹಾಕಿ ಎನ್ನುತ್ತೇನೆ. ಆ ಚಪ್ಪಾಳೆ ಬೀಳುವ ಜಾಗದಲ್ಲೇ ಗಿಟಾರ್, ಪಿಯಾನೋ 'ಚಕ್' ಎಂದು ಕತ್ತರಿಸುತ್ತವೆ. ಕೆಳಗೆ ಬೇಸ್ ಒಂದೊಂದು ಎಣಿಕೆಗೂ ಒಂದೊಂದು ಹೆಜ್ಜೆ ಹಾಕುತ್ತಾ ನಡೆಯುತ್ತಿರುತ್ತದೆ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಬೇಗ ಹತ್ತುತ್ತದೆ. ತಾಳ ಬಿದ್ದ ಮೇಲೆ ಅರ್ಧ ಎಣಿಕೆ ಬಿಟ್ಟು ಎತ್ತಿಕೊಳ್ಳುವ ಕೃತಿಗಳನ್ನು ಹಾಡಿ ಅವರಿಗೆ ರೂಢಿ. ಉಳಿದವರ ಚಪ್ಪಾಳೆ ಸ್ವಲ್ಪ ಹೊತ್ತಿಗೆ ಜಾರಿ ಕಾಲಿನ ಪೆಟ್ಟಿನ ಮೇಲೇ ಬೀಳುತ್ತದೆ. ಬೀಳಲಿ. ಆಗ ಹಾಡು ಹೇಗೆ ಸಪ್ಪೆಯಾಗುತ್ತದೆ ಎಂದು ಅವರಿಗೇ ತಿಳಿಯುತ್ತದೆ.

ಎರಡನೆಯ ಜೋಡಿ 'ಮೈ ಬಾಯ್ ಲಾಲಿಪಾಪ್'. ಅಮೆರಿಕದ ಬಾರ್ಬಿ ಗೇ ಇದನ್ನು 1956ರಲ್ಲಿ ಹಾಡಿದ್ದಳು. 1964ರಲ್ಲಿ ಜಮೈಕಾದ ಹುಡುಗಿ ಮಿಲ್ಲಿ ಸ್ಮಾಲ್ ಲಂಡನ್ನಿನಲ್ಲಿ ಹಾಡಿದಾಗ ಅದು ಬ್ರಿಟನ್, ಅಮೆರಿಕ ಎರಡೂ ಕಡೆ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಸಂಗೀತ ಹೊಂದಿಸಿದವರು ಜಮೈಕಾದ ಗಿಟಾರ್ ವಾದಕ ಅರ್ನೆಸ್ಟ್ ರಾಂಗ್ಲಿನ್. ಹಾಡು ಮಕ್ಕಳ ಪದ್ಯದಂತಿದೆ ಎಂದು ಕೆಲವರು ಮೂಗು ಮುರಿಯುತ್ತಾರೆ, ನಾನು ಬಿಡುವುದಿಲ್ಲ. ಸ್ಕಾ ಎಲ್ಲಿಂದ ಬಂತು ಎನ್ನುವುದಕ್ಕೆ ಉಪನ್ಯಾಸ ಕೊಡುವ ಬದಲು ಇವೆರಡನ್ನು ಕೇಳಿಸಿದರೆ ಸಾಕು. ಮಯಾಮಿ, ನ್ಯೂ ಆರ್ಲಿಯನ್ಸ್ ರೇಡಿಯೋಗಳಿಂದ ತೇಲಿಬರುತ್ತಿದ್ದ ರಿದಮ್ ಅಂಡ್ ಬ್ಲೂಸನ್ನು ಜಮೈಕಾದವರು ಬೀದಿಯ ಸೌಂಡ್ ಸಿಸ್ಟಮ್‌ಗಳಲ್ಲಿ, ಅಂದರೆ ದೊಡ್ಡ ಸ್ಪೀಕರುಗಳ ಸಂಚಾರಿ ಡಿಸ್ಕೋಗಳಲ್ಲಿ, ಹಾಕಿ ಕುಣಿಯುತ್ತಿದ್ದರು. ಅವನ್ನು ನಡೆಸುತ್ತಿದ್ದ ಕಾಕ್ಸನ್ ಡಾಡ್, ಡ್ಯೂಕ್ ರೀಡ್, ಪ್ರಿನ್ಸ್ ಬಸ್ಟರ್ ಮೊದಲಾದವರು ಕುಣಿಸುವುದಕ್ಕೆಂದೇ ತಮ್ಮದೇ ರೆಕಾರ್ಡು ಮಾಡಲು ಹೊರಟರು. 1962ರ ಆಗಸ್ಟ್ 6ರಂದು ದೇಶ ಸ್ವತಂತ್ರವಾದಾಗ ಸ್ಕಾ ಅಲ್ಲಿಯ ಹೊಸ ಸದ್ದಾಗಿತ್ತು.

ಹಾಡುಗಾರಿಕೆಗಿಂತ ವಾದ್ಯ ಇಷ್ಟಪಡುವವರಿಗೆ ಜಮೈಕಾದ ವಾದ್ಯತಂಡ ಸ್ಕಾಟಲೈಟ್ಸ್. 'ದಿ ಗನ್ಸ್ ಆಫ್ ನವರೋನ್' 1961ರ ಯುದ್ಧದ ಸಿನಿಮಾ, ನಮ್ಮಪ್ಪನ ತಲೆಮಾರಿನವರಿಗೆ ಚೆನ್ನಾಗಿ ನೆನಪಿದೆ. ಡಿಮಿಟ್ರಿ ಟಿಯೋಮ್‌ಕಿನ್ ಮಾಡಿದ ಅದರ ಧಾಟಿಯನ್ನು ಸ್ಕಾಟಲೈಟ್ಸ್‌ನವರು ಸ್ಕಾಗೆ ಇಳಿಸಿಕೊಂಡರು. ನಮ್ಮ ಸೋದರಮಾವನಿಗೆ ಎರಡನ್ನೂ ಕೇಳಿಸಿದಾಗ 'ಅಲ್ಲಯ್ಯಾ, ಸಿಪಾಯಿಗಳು ಕವಾಯತು ಬಿಟ್ಟು ಜಾತ್ರೆಗೆ ಹೊರಟ ಹಾಗಿದೆ' ಎಂದರು. ಪುತ್ತೂರಿನ ಸಹೋದ್ಯೋಗಿಯೊಬ್ಬರು ಕೇಳಿದ್ದು ಇನ್ನೊಂದು: 'ಇಷ್ಟು ಗಟ್ಟಿ ಊದುವವರು ಇವರಿಗೆ ಎಲ್ಲಿ ಸಿಕ್ಕಿದ್ರು ಮಾರಾಯ್ರೆ?' ಒಳ್ಳೆಯ ಪ್ರಶ್ನೆ. ಕಿಂಗ್‌ಸ್ಟನ್ನಿನಲ್ಲಿ 1880ರಿಂದ ನಡೆದುಬಂದ ಆಲ್ಫಾ ಬಾಯ್ಸ್ ಸ್ಕೂಲ್ ಎಂಬುದಿತ್ತು. ಕ್ಯಾಥೊಲಿಕ್ ಸನ್ಯಾಸಿನಿಯರು ಬಡ, ಅನಾಥ ಹುಡುಗರಿಗಾಗಿ ನಡೆಸುತ್ತಿದ್ದ ಶಾಲೆ, ಅದರ ಬ್ಯಾಂಡಿಗೆ ದೊಡ್ಡ ಹೆಸರು. ಟ್ರಾಂಬೋನಿನ ಡಾನ್ ಡ್ರಮಂಡ್, ಸ್ಯಾಕ್ಸೊಫೋನಿನ ಟಾಮಿ ಮೆಕ್‌ಕುಕ್ ಮತ್ತು ಲೆಸ್ಟರ್ ಸ್ಟರ್ಲಿಂಗ್, ಟ್ರಂಪೆಟ್‌ನ ಜಾನಿ ಮೂರ್ ಎಲ್ಲರೂ ಅಲ್ಲಿ ಊದಲು ಕಲಿತವರು. ಸ್ಕಾಟಲೈಟ್ಸ್ ಮೊದಲ ಸುತ್ತಿನಲ್ಲಿ ಒಟ್ಟಿಗಿದ್ದದ್ದು 1964–65ರಲ್ಲಿ ಸ್ವಲ್ಪವೇ ಕಾಲ. ಡ್ರಮಂಡ್‌ನ ಬದುಕಿನ ದುರಂತವನ್ನು ನಾನು ಮೊದಲೇ ಹೇಳುವುದಿಲ್ಲ. ಕಥೆ ಕೇಳಿದ ಮೇಲೆ ಜನ ಟ್ರಾಂಬೋನಿನಲ್ಲಿ ಬರೀ ಅಳು ಹುಡುಕುತ್ತಾರೆ. ಮೊದಲು 'ಈಸ್ಟರ್ನ್ ಸ್ಟ್ಯಾಂಡರ್ಡ್ ಟೈಮ್' ಕೇಳಲಿ.

ನನಗೆ ಅತ್ಯಂತ ಪ್ರಿಯವಾದ ಜೋಡಿಯಲ್ಲಿ ಒಬ್ಬನೇ ಮನುಷ್ಯ ಎರಡು ಕಡೆ ಇದ್ದಾನೆ. 1967ರಲ್ಲಿ ಡ್ಯಾಂಡಿ ಲಿವಿಂಗ್‌ಸ್ಟನ್ ಇಂಗ್ಲೆಂಡಿನಲ್ಲಿ ಹಾಡಿದ ರೂಡಿಯ (ಬೀದಿಯ ಪುಂಡ ಹುಡುಗನ) ಹಾಡನ್ನು 1979ರಲ್ಲಿ ಇಂಗ್ಲೆಂಡಿನದೇ ಕಾವೆಂಟ್ರಿ ಊರಿನ ಸ್ಪೆಷಲ್ಸ್ ಬ್ಯಾಂಡಿನವರು ಮತ್ತೆ ಹಾಡಿದರು: 'ಎ ಮೆಸೇಜ್ ಟು ಯೂ, ರೂಡಿ'. ಎರಡರಲ್ಲೂ ಟ್ರಾಂಬೋನ್ ರಿಕೋ ರಾಡ್ರಿಗೆಸ್‌ನದು, ಅವನೂ ಆಲ್ಫಾದ ಹುಡುಗನೇ. ಹನ್ನೆರಡು ವರ್ಷದ ಅಂತರ, ಅದೇ ಉಸಿರು. ಇದನ್ನು ಕೇಳಿಸಿದ ಮೇಲೆ ಕರಿಯರೂ ಬಿಳಿಯರೂ ಸೇರಿದ್ದ ಆ ಬ್ಯಾಂಡು, ಅದರ ಜೆರ್ರಿ ಡ್ಯಾಮರ್ಸ್ ಕಟ್ಟಿದ ಟೂ ಟೋನ್ ರೆಕಾರ್ಡ್ ಕಂಪನಿ, ಅದರ ಕಪ್ಪು ಬಿಳುಪು ಚೌಕುಳಿ ಇವೆಲ್ಲವನ್ನೂ ಕೇಳುವವರು ತಾವೇ ಹುಡುಕಿಕೊಳ್ಳುತ್ತಾರೆ. ಬೇಕಿದ್ದರೆ ಇನ್ನೊಂದು: ಪ್ರಿನ್ಸ್ ಬಸ್ಟರನ 'ಅಲ್ ಕಪೋನ್' ಶುರುವಾಗುವುದು ಕಾರಿನ ಟೈರು ಕಿರುಚುವ ಸದ್ದಿನಿಂದ. ಸ್ಪೆಷಲ್ಸ್ ಅದೇ ಸದ್ದನ್ನು ಎತ್ತಿ ತಮ್ಮ 'ಗ್ಯಾಂಗ್‌ಸ್ಟರ್ಸ್'ನ ಮೊದಲಿಗೆ ಇಟ್ಟರು. 'ಘೋಸ್ಟ್ ಟೌನ್' ಮಾತ್ರ ತಡೆದು ಕೊಡುತ್ತೇನೆ. 1981ರ ಬೇಸಿಗೆಯಲ್ಲಿ, ಊರೂರಲ್ಲಿ ಗಲಭೆ ಎದ್ದಾಗ, ಬ್ರಿಟನ್ನಿನಲ್ಲಿ ಮೊದಲ ಸ್ಥಾನದಲ್ಲಿದ್ದ ಹಾಡು ಅದು. ದೊಡ್ಡ ಹಾಡು ನಿಜ, ಆದರೆ ಇದರಿಂದ ಶುರು ಮಾಡಿದವರು ಸ್ಕಾ ಎಂದರೆ ಇಷ್ಟು ಮಂಕೇ ಎಂದುಕೊಂಡುಬಿಡುತ್ತಾರೆ.

ಅಮೆರಿಕದ ತೊಂಬತ್ತರ ದಶಕದ ಗದ್ದಲದ ಸ್ಕಾ ಪಂಕ್ (ಪಂಕ್ ರಾಕ್ ಬೆರೆಸಿದ ಸ್ಕಾ) ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ರಾಕ್ ಕೇಳಿ ಬೆಳೆದವರಿಗೆ ಅದಕ್ಕೂ ಮುಂಚಿನ, ಆಪರೇಷನ್ ಐವಿ ಬ್ಯಾಂಡಿನ 1989ರ 'ಎನರ್ಜಿ' ಆಲ್ಬಮ್ ಕೊಡುತ್ತೇನೆ, ರೀಲ್ ಬಿಗ್ ಫಿಶ್ ಬ್ಯಾಂಡಿನ ತಮಾಷೆ ಹಾಡುಗಳನ್ನು ಮೊದಲೇ ಕೊಡುವುದಿಲ್ಲ. ತಮಾಷೆಯಿಂದ ಒಳಗೆ ಬಂದವರು ತಮಾಷೆಯಲ್ಲೇ ಉಳಿದದ್ದನ್ನು ನೋಡಿದ್ದೇನೆ. ಹಳೆಯ ಸದ್ದೇ ಬೇಕು, ಆದರೆ ಧ್ವನಿಮುದ್ರಣ ಚೊಕ್ಕವಾಗಿರಲಿ ಎನ್ನುವವರಿಗೆ ಹೆಪ್‌ಕ್ಯಾಟ್, ಸ್ಲ್ಯಾಕರ್ಸ್ ಬ್ಯಾಂಡುಗಳು. ಟೋಕಿಯೋ ಸ್ಕಾ ಪ್ಯಾರಡೈಸ್ ಆರ್ಕೆಸ್ಟ್ರಾ ಯಾರಿಗಾದರೂ ಸರಿ. ನಮ್ಮ ದೇಶದಲ್ಲಿ ಇಲ್ಲವೇ ಎಂದವರಿಗೆ ದೆಹಲಿಯ ಸ್ಕಾ ವೆಂಜರ್ಸ್ ಇದ್ದಾರೆ.

ಕಳಿಸುವ ಮುಂಚೆ ಒಂದನ್ನು ತಪ್ಪದೆ ನೋಡುತ್ತೇನೆ. ಹಳೆಯ ಜಮೈಕಾ ಗಾಯಕರು ತಮ್ಮ ಹಾಡುಗಳನ್ನು ಆಮೇಲೆ ಮತ್ತೆ ಹಾಡಿ ರೆಕಾರ್ಡು ಮಾಡಿದ್ದು ಬಹಳ. ಡೆಸ್ಮಂಡ್ ಡೆಕ್ಕರ್ 1980ರಲ್ಲಿ ತನ್ನ ಹಳೆಯವನ್ನು ಹೊಸದಾಗಿ ಹಾಡಿದ. ಆ್ಯಪ್‌ನಲ್ಲಿ ಹೆಸರು ಹುಡುಕಿದರೆ ಎರಡೂ ಒಂದರ ಕೆಳಗೊಂದು ಬರುತ್ತವೆ, ಚಿತ್ರವೂ ಹೆಚ್ಚುಕಡಿಮೆ ಒಂದೇ. ಸಿಂಥಸೈಜರ್ ಸದ್ದು ಬಂತೆಂದರೆ ಅಲ್ಲೇ ನಿಲ್ಲಿಸಿ. ಆಲ್ಬಮ್ಮಿನ ವರ್ಷವನ್ನೂ ನಂಬಬೇಡಿ, ಅದು ಸಂಕಲನ ಹೊರಬಂದ ವರ್ಷವಿರಬಹುದು. ಸ್ಟುಡಿಯೋ ಒನ್ ಅಥವಾ ಟ್ರೋಜನ್ ಎಂಬ ರೆಕಾರ್ಡ್ ಕಂಪನಿಗಳ ಹೆಸರಿನ ಸಂಕಲನದಲ್ಲಿ ಹುಡುಕಿ ಕೊಂಡಿ ಕಳಿಸಿದರೆ ಹೆಚ್ಚಿನ ಸಲ ಮೂಲವೇ ಸಿಗುತ್ತದೆ.