ಪಿಎಚ್.ಡಿ. ನೋಂದಣಿಯ ನಂತರ ಫೆಲೋಶಿಪ್: ಮೊದಲ ಅರ್ಜಿಯಿಂದ ಕೊನೆಯ ಬಿಲ್ಲಿನವರೆಗೆ

ಪ್ರವೇಶದ ಹೊತ್ತಿಗೆ ಫೆಲೋಶಿಪ್ ಕೈಯಲ್ಲಿ ಇಲ್ಲದಿದ್ದರೆ ಇನ್ನು ಸಿಗುವುದಿಲ್ಲ ಎಂಬ ಭಾವನೆ ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನಾರ್ಥಿಗಳಲ್ಲಿ ಬಲವಾಗಿದೆ. ಇದು ತಪ್ಪು ತಿಳಿವಳಿಕೆ. ಹಲವು ಯೋಜನೆಗಳು ಪಿಎಚ್.ಡಿ. ನೋಂದಣಿಯನ್ನೇ ಅರ್ಹತೆಯಾಗಿ ಕೇಳುತ್ತವೆ. ಕೆಲವಂತೂ ಸಂಶೋಧನೆ ಒಂದು ಹಂತಕ್ಕೆ ಬಂದವರಿಗೆ ಮಾತ್ರ ಮೀಸಲಾಗಿವೆ. ಇನ್ನೊಂದೆಡೆ, ಫೆಲೋಶಿಪ್ ದೊರೆತವರಲ್ಲಿಯೂ ಅನೇಕರು ಕಾಗದಪತ್ರ ಸಕಾಲಕ್ಕೆ ಸಲ್ಲಿಸದೆ ತಿಂಗಳುಗಟ್ಟಲೆ ಹಣಕ್ಕಾಗಿ ಕಾಯುತ್ತಾರೆ. ಎರಡೂ ಸಂದರ್ಭಗಳಲ್ಲಿ ಅಂಕಗಳಿಗಿಂತ ಹೆಚ್ಚಾಗಿ ದಿನಾಂಕಗಳೇ ನಿರ್ಣಾಯಕವಾಗುತ್ತವೆ. ಆದ್ದರಿಂದ ಈಗಾಗಲೇ ನೋಂದಾಯಿಸಿಕೊಂಡು ಸಂಶೋಧನೆಯಲ್ಲಿ ತೊಡಗಿರುವವರು ಯಾವ ಕ್ರಮದಲ್ಲಿ ಮುಂದುವರಿಯಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನಿಮ್ಮ ದಿನಾಂಕಗಳನ್ನು ಬರೆದಿಟ್ಟುಕೊಳ್ಳಿ

ಪಿಎಚ್.ಡಿ. ನೋಂದಣಿಯಾದ ದಿನ, ಕೋರ್ಸ್‌ವರ್ಕ್ ಮುಗಿದ ದಿನ ಮತ್ತು ನಿಮ್ಮ ಜನ್ಮದಿನಾಂಕ, ಈ ಮೂರನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿಯಂತೆ ಅಧ್ಯಯನದ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ ಪಡೆಯಬಹುದು. ಮಹಿಳೆಯರಿಗೆ ಹಾಗೂ ಶೇ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಇದಕ್ಕೂ ಮೇಲೆ ಎರಡು ವರ್ಷದ ಅವಕಾಶವಿದೆ. ಆದರೆ ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಮತ್ತು ಅದರ ಮುಂದಿನ ಹಂತವಾದ ಹಿರಿಯ ಸಂಶೋಧನಾ ಫೆಲೋಶಿಪ್ (ಎಸ್‌ಆರ್‌ಎಫ್) ಎರಡೂ ಸೇರಿ ಹಣ ಬರುವುದು ಐದು ವರ್ಷ ಮಾತ್ರ. ಆರನೆಯ ವರ್ಷಕ್ಕೆ ಪ್ರಬಂಧದ ಕೆಲಸ ಉಳಿದಿರಬಹುದು, ಫೆಲೋಶಿಪ್ ಉಳಿದಿರುವುದಿಲ್ಲ. ಈ ಅಂತರವನ್ನು ಮೊದಲೇ ಲೆಕ್ಕ ಹಾಕಿಕೊಂಡವರಿಗೆ ಕೊನೆಯ ವರ್ಷದ ಕಷ್ಟ ಕಡಿಮೆ.

ಅದೇ ಹಾಳೆಯಲ್ಲಿ ನಿಮ್ಮದು ಪೂರ್ಣಾವಧಿ ನೋಂದಣಿಯೇ, ಅರೆಕಾಲಿಕವೇ ಎಂಬುದನ್ನೂ ಗುರುತಿಸಿಕೊಳ್ಳಿ. ಅರೆಕಾಲಿಕ ಸಂಶೋಧನಾರ್ಥಿಗಳಿಗೆ ಮಾಸಿಕ ಫೆಲೋಶಿಪ್‌ಗಳ ಪೈಕಿ ಬಹುಪಾಲು ಅನ್ವಯಿಸುವುದಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡುತ್ತಲೇ ಸಂಶೋಧನೆ ನಡೆಸುವವರು ನಮ್ಮ ರಾಜ್ಯದಲ್ಲಿ ಬಹಳ ಮಂದಿ ಇದ್ದಾರೆ. ಅವರು ಪೂರ್ಣಾವಧಿ ಫೆಲೋಶಿಪ್ ಒಪ್ಪಿಕೊಂಡರೆ ಗೌರವಧನದ ಕೆಲಸವನ್ನು ಬಿಡಲೇಬೇಕಾಗುತ್ತದೆ. ಎರಡನ್ನೂ ಒಟ್ಟಿಗೆ ಪಡೆದದ್ದು ಲೆಕ್ಕಪರಿಶೋಧನೆಯಲ್ಲಿ ಹೊರಬಂದರೆ, ಪಡೆದ ಹಣವನ್ನು ಮರುಪಾವತಿ ಮಾಡಬೇಕಾದೀತು.

ನೀವಿರುವ ವರ್ಷಕ್ಕೆ ತಕ್ಕ ಯೋಜನೆಯನ್ನು ಆರಿಸಿಕೊಳ್ಳಿ

ಮೊದಲ ಎರಡು ವರ್ಷಗಳಲ್ಲಿರುವವರು ಜೆಆರ್‌ಎಫ್‌ಗೆ ಆಯ್ಕೆ ನಡೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯನ್ನು (ನೆಟ್) ಕೈಬಿಡಬಾರದು. ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳಾಗಿ ವರ್ಷಕ್ಕೆ ಎರಡು ಬಾರಿ ನಡೆಯುವ ಈ ಪರೀಕ್ಷೆಯಲ್ಲಿ ಜೆಆರ್‌ಎಫ್‌ಗೆ ಸಾಮಾನ್ಯ ವರ್ಗದ ವಯೋಮಿತಿ 30 ವರ್ಷ. ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ ಐದು ವರ್ಷಗಳ ಸಡಿಲಿಕೆ ಇದೆ. ಈಗಾಗಲೇ ಪಿಎಚ್.ಡಿ. ಮಾಡುತ್ತಿರುವವರು ಜೆಆರ್‌ಎಫ್ ಪಡೆದರೆ, ನೆಟ್ ಫಲಿತಾಂಶ ಪ್ರಕಟವಾದ ದಿನ ಮತ್ತು ಪಿಎಚ್.ಡಿ. ಸೇರಿದ ದಿನ ಇವೆರಡರಲ್ಲಿ ಯಾವುದು ತಡವೋ ಆ ದಿನದಿಂದ ಫೆಲೋಶಿಪ್ ಆರಂಭವಾಗುತ್ತದೆ. 2023ರ ಜನವರಿ 1ರಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ 42,000 ರೂಪಾಯಿ.

ಪರಿಶಿಷ್ಟ ಜಾತಿ ಮತ್ತು ಹಿಂದುಳಿದ ವರ್ಗಗಳ ರಾಷ್ಟ್ರೀಯ ಫೆಲೋಶಿಪ್‌ಗಳಿಗೂ ನೆಟ್ ಮೂಲಕವೇ ಆಯ್ಕೆ ನಡೆಯುವುದರಿಂದ ಆ ಪರೀಕ್ಷೆಯ ಅರ್ಜಿಯಲ್ಲಿರುವ ಆಯ್ಕೆಗಳನ್ನು ಓದದೆ ಮುಂದಕ್ಕೆ ಹೋಗಬೇಡಿ. ಇಲ್ಲೊಂದು ಎಚ್ಚರಿಕೆ ಅಗತ್ಯ. ರಾಜ್ಯದ ಪ್ರವರ್ಗ 1, 2ಎ, 3ಎ, 3ಬಿ ಪಟ್ಟಿಯಲ್ಲಿ ಇರುವ ಎಲ್ಲ ಜಾತಿಗಳೂ ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಇಲ್ಲ. ಕೇಂದ್ರದ ಯೋಜನೆಗೆ ರಾಜ್ಯದ ನಮೂನೆಯ ಪ್ರಮಾಣಪತ್ರ ಲಗತ್ತಿಸಿದ ಕಾರಣಕ್ಕೇ ಅರ್ಜಿ ತಿರಸ್ಕೃತವಾಗುವುದು ಹೊಸದೇನಲ್ಲ.

ನೆಟ್ ಬೇಡದ ದಾರಿಗಳೂ ಇವೆ. ಪರಿಶಿಷ್ಟ ಪಂಗಡದವರಿಗೆ ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯವು ಪ್ರತಿ ವರ್ಷ ಹೊಸದಾಗಿ 750 ಮಂದಿಗೆ ರಾಷ್ಟ್ರೀಯ ಫೆಲೋಶಿಪ್ ನೀಡುತ್ತದೆ. ಇದರ ಆಯ್ಕೆಗೆ ಸ್ನಾತಕೋತ್ತರ ಪದವಿಯ ಅಂಕಗಳೇ ಆಧಾರ. ತಂದೆತಾಯಿಗೆ ಒಬ್ಬಳೇ ಮಗಳಾಗಿರುವ ಸಂಶೋಧನಾರ್ಥಿನಿಯರಿಗೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಜೆಆರ್‌ಎಫ್ ದರದಲ್ಲೇ ದೊರೆಯುತ್ತದೆ, ಅವಳಿ ಹೆಣ್ಣುಮಕ್ಕಳಿಗೂ ಇದು ಅನ್ವಯಿಸುತ್ತದೆ. ವಿಜ್ಞಾನ ವಿಷಯಗಳ ಸ್ನಾತಕೋತ್ತರ ಪದವಿಯಲ್ಲಿ ವಿಶ್ವವಿದ್ಯಾಲಯಕ್ಕೇ ಪ್ರಥಮ ರ್‍ಯಾಂಕ್ ಪಡೆದವರು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಫೆಲೋಶಿಪ್ ಕಡೆ ನೋಡಬೇಕು. ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಅಲ್ಪಸಂಖ್ಯಾತರ ನಿರ್ದೇಶನಾಲಯ ಹಾಗೂ ವಿಜ್ಞಾನ ವಿಷಯಗಳಿಗೆ ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಉತ್ತೇಜನ ಸಂಸ್ಥೆ (ಕೆ-ಸ್ಟೆಪ್ಸ್) ಪ್ರತ್ಯೇಕವಾಗಿ ಅರ್ಜಿ ಆಹ್ವಾನಿಸುತ್ತವೆ. ಮೊತ್ತ ಮತ್ತು ಷರತ್ತುಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ನಂಬಬೇಕು. ಅಂತರಜಾಲದಲ್ಲಿ ಹರಿದಾಡುವ ಹಳೆಯ ಪಟ್ಟಿಗಳಲ್ಲಿ 2022ರಲ್ಲೇ ನಿಂತುಹೋದ ಮೌಲಾನಾ ಆಜಾದ್ ಫೆಲೋಶಿಪ್ ಇನ್ನೂ ಕಾಣಿಸಿಕೊಳ್ಳುತ್ತಿದೆ.

ಸಮಾಜ ವಿಜ್ಞಾನಗಳಲ್ಲಿ ಸಂಶೋಧನೆ ಮಾಡುವವರು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ (ಐಸಿಎಸ್‌ಎಸ್‌ಆರ್) ಕಡೆ ವಿಶೇಷವಾಗಿ ಗಮನ ಕೊಡಬೇಕು. ನೋಂದಣಿ ಖಚಿತವಾದವರಿಗೇ ನೀಡುವ ಅದರ ಪೂರ್ಣಾವಧಿ ಡಾಕ್ಟರಲ್ ಫೆಲೋಶಿಪ್‌ನಲ್ಲಿ ತಿಂಗಳಿಗೆ 20,000 ರೂಪಾಯಿ ಹಾಗೂ ವರ್ಷಕ್ಕೆ 20,000 ರೂಪಾಯಿ ಸಾದಿಲ್ವಾರು ವೆಚ್ಚ (ಪುಸ್ತಕ, ಮುದ್ರಣ, ಪ್ರಯಾಣದಂಥ ಖರ್ಚಿಗೆ) ಸಿಗುತ್ತದೆ. ಕ್ಷೇತ್ರಕಾರ್ಯ ಮುಗಿಸಿ ಬರವಣಿಗೆಯ ಹಂತ ತಲುಪಿದವರಿಗೆ ಇದೇ ಸಂಸ್ಥೆಯ ಅಲ್ಪಾವಧಿ ಫೆಲೋಶಿಪ್ ಬೇರೆಯೇ ಇದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ತಿಂಗಳಿಗೆ 8,000 ರೂಪಾಯಿ ನಿಗದಿಯಾದದ್ದು 2012ರಲ್ಲಿ. ಈ ಮೊತ್ತದಲ್ಲಿ ಈಗ ಮೆಸ್ ಬಿಲ್ಲು, ಜೆರಾಕ್ಸ್, ಬಸ್ಸಿನ ಖರ್ಚು ಕಳೆದು ಏನು ಉಳಿದೀತೆಂದು ಯೋಚಿಸಿದರೆ, ಇತರ ಯೋಜನೆಗಳಿಗೆ ಅರ್ಜಿ ಹಾಕಬೇಕಾದ ಕಾರಣ ಬೇರೆ ಹೇಳಬೇಕಾಗಿಲ್ಲ.

ಪ್ರಸ್ತಾವನೆಯಲ್ಲಿ ಆ ಹಣ ಏಕೆ ಬೇಕೆಂದು ಹೇಳಿ

ಈಗಾಗಲೇ ಸಂಶೋಧನೆಯಲ್ಲಿರುವ ವಿದ್ಯಾರ್ಥಿಯ ಪ್ರಸ್ತಾವನೆಯು ಪ್ರವೇಶ ಪರೀಕ್ಷೆಯ ವೇಳೆ ಬರೆದ ಸಾರಲೇಖದ ನಕಲಾಗಿರಬಾರದು. ಆಯ್ಕೆ ಸಮಿತಿಗೆ ಬೇಕಾದದ್ದು ಈವರೆಗೆ ಆದ ಕೆಲಸ, ಉಳಿದ ಕೆಲಸ ಮತ್ತು ಕೇಳುತ್ತಿರುವ ಹಣದಿಂದ ಆ ಉಳಿದ ಕೆಲಸ ಹೇಗೆ ಮುಗಿಯುತ್ತದೆ ಎಂಬ ವಿವರ. ವಿದೇಶದ ಸಂಶೋಧನಾ ಅನುದಾನಗಳಲ್ಲಂತೂ ಅರ್ಜಿಯ ಅಳಿವು ಉಳಿವು ಇದರ ಮೇಲೆಯೇ ನಿಂತಿರುತ್ತದೆ.

ಉದಾಹರಣೆಗೆ ಮಂಗಳೂರಿನ ಹೆಂಚಿನ ಉದ್ಯಮದ ಇತಿಹಾಸವನ್ನು ಅಧ್ಯಯನ ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳು ಸ್ವಿಟ್ಜರ್ಲೆಂಡಿಗೆ ಹೋಗಬೇಕಾಗಿದೆ ಎಂದು ಇಟ್ಟುಕೊಳ್ಳೋಣ. ‘ನನ್ನ ವಿಷಯದ ಬಗ್ಗೆ ಹೆಚ್ಚಿನ ಅಧ್ಯಯನಕ್ಕೆ ವಿದೇಶಿ ಗ್ರಂಥಾಲಯಗಳ ಭೇಟಿ ಅನುಕೂಲಕರ’ ಎಂದು ಬರೆದರೆ ಸಮಿತಿ ಪುಟ ತಿರುವಿಬಿಡುತ್ತದೆ. ಅದರ ಬದಲು, ‘ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ಕುರಿತು ಮಂಗಳೂರಿನಲ್ಲಿ ದೊರೆತ ದಾಖಲೆಗಳನ್ನು ಓದಿ ಎರಡು ಅಧ್ಯಾಯಗಳನ್ನು ಮುಗಿಸಿದ್ದೇನೆ, ಮಿಷನ್ನಿನ ಆಡಳಿತ ಕೇಂದ್ರಕ್ಕೆ ಇಲ್ಲಿಂದ ಹೋದ ಪತ್ರಗಳು ಬಾಸೆಲ್ ನಗರದ ದಾಖಲಾಗಾರದಲ್ಲಿ ಇರುವುದರಿಂದ ಕಾರ್ಮಿಕರ ಕೂಲಿಯನ್ನು ಕುರಿತ ಮೂರನೆಯ ಅಧ್ಯಾಯ ಅಲ್ಲಿಗೆ ಹೋಗದೆ ಪೂರ್ಣವಾಗದು, ಪತ್ರಗಳು ಜರ್ಮನ್ ಭಾಷೆಯಲ್ಲಿದ್ದು, ಆ ಭಾಷೆಯನ್ನು ಓದುವಷ್ಟು ಕಲಿತಿದ್ದೇನೆ’ ಎಂದು ಬರೆದರೆ ಆ ಸ್ಥಳ, ಆ ಅವಧಿ, ಆ ಖರ್ಚು ಎಲ್ಲಕ್ಕೂ ಆಧಾರ ಸಿಗುತ್ತದೆ. ಇಂಥ ವಿದ್ಯಾರ್ಥಿನಿ ಸ್ವಿಸ್ ಸರ್ಕಾರದ ಎಕ್ಸಲೆನ್ಸ್ ಸ್ಕಾಲರ್‌ಶಿಪ್‌ಗೆ ಪ್ರಯತ್ನಿಸಬಹುದು, ಆದರೆ ಅಲ್ಲಿನ ಪ್ರಾಧ್ಯಾಪಕರೊಬ್ಬರು ಮಾರ್ಗದರ್ಶನಕ್ಕೆ ಒಪ್ಪಿ ಪತ್ರ ಕೊಟ್ಟಿರಬೇಕು. ಅಮೆರಿಕದಲ್ಲಿ ಆರರಿಂದ ಒಂಬತ್ತು ತಿಂಗಳು ಸಂಶೋಧನೆ ನಡೆಸಲು ಇರುವ ಫುಲ್‌ಬ್ರೈಟ್-ನೆಹರೂ ಡಾಕ್ಟರಲ್ ಫೆಲೋಶಿಪ್ ಕೂಡ ಭಾರತದ ಸಂಸ್ಥೆಯಲ್ಲಿ ಪಿಎಚ್.ಡಿ. ನೋಂದಣಿಯಾಗಿ ಕೆಲಕಾಲ ಸಂದವರಿಗೇ ಮೀಸಲಾದದ್ದು. ಇಂತಹ ಪತ್ರ ವ್ಯವಹಾರಕ್ಕೆ ತಿಂಗಳುಗಳೇ ಹಿಡಿಯುವುದರಿಂದ ಎರಡನೆಯ ವರ್ಷದಲ್ಲಿಯೇ ತೊಡಗುವುದು ಒಳ್ಳೆಯದು.

ಮಾರ್ಗದರ್ಶಕರ ಶಿಫಾರಸು ಪತ್ರವನ್ನು ಕೊನೆಯ ದಿನದ ಹಿಂದಿನ ಸಂಜೆ ಕೇಳಬೇಡಿ. ಕೆಲವು ವಾರ ಮುಂಚಿತವಾಗಿಯೇ ಪ್ರಸ್ತಾವನೆಯ ಪ್ರತಿ, ಈವರೆಗಿನ ಪ್ರಕಟಣೆಗಳ ಪಟ್ಟಿ ಮತ್ತು ಯೋಜನೆಯ ಅಧಿಸೂಚನೆಯನ್ನು ಅವರಿಗೆ ಕೊಟ್ಟಿದ್ದರೆ, ಎಲ್ಲರಿಗೂ ಒಂದೇ ಆಗಿರುವ ‘ಶ್ರಮಜೀವಿ, ಸನ್ನಡತೆಯವರು’ ಎಂಬ ಪತ್ರದ ಬದಲು ನಿಮ್ಮ ಕೆಲಸದ ಕುರಿತ ಪತ್ರ ಸಿಗುವ ಸಾಧ್ಯತೆ ಹೆಚ್ಚು.

ಕಡತದ ಜೊತೆ ನೀವೂ ನಡೆಯಿರಿ

ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌.ಡಿ. ಸಂಖ್ಯೆಯನ್ನು, ಆಧಾರ್ ಹಾಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಅಕ್ಷರಗಳು ಒಂದೇ ಆಗಿವೆಯೇ ಎಂಬುದನ್ನು ಅರ್ಜಿಗೆ ಮೊದಲೇ ನೋಡಿಕೊಳ್ಳಿ. ಇನಿಷಿಯಲ್ ಹಿಂದುಮುಂದಾದ ಹೆಸರುಗಳು ನಮ್ಮಲ್ಲಿ ಕೊಡುವಷ್ಟು ತೊಂದರೆ ಬೇರೆ ಯಾವುದೂ ಕೊಡಲಾರದು.

ಆಯ್ಕೆಯಾದ ಮೇಲೆ ಸೇರ್ಪಡೆ ವರದಿಯನ್ನು ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು ಮತ್ತು ಕುಲಸಚಿವರ ಕಚೇರಿಯ ಮೂಲಕ ಕಳಿಸಬೇಕು. ಪ್ರತಿ ಹಂತದಲ್ಲಿಯೂ ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಯುಜಿಸಿ ಫೆಲೋಶಿಪ್‌ನ ಹಣ ಕೆನರಾ ಬ್ಯಾಂಕ್ ನಿರ್ವಹಿಸುವ ಪೋರ್ಟಲ್ ಮೂಲಕ ನೇರವಾಗಿ ಖಾತೆಗೆ ಬರುತ್ತದೆ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು ಇಡೀ ದೇಶದ ಸಂಶೋಧನಾರ್ಥಿಗಳ ತಿಂಗಳ ಹಣಕ್ಕೆ ದಾರಿಯಾಗಿರುವುದು ವಿಶೇಷವೇ. ಆದರೆ ಹಣ ತಾನಾಗಿ ಹೊರಡುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ‘ಮೇಕರ್’ ಎಂದು ಗುರುತಿಸಲಾದ ಸಿಬ್ಬಂದಿ ಪ್ರತಿ ತಿಂಗಳು ನಿಮ್ಮ ಹೆಸರನ್ನು ದೃಢೀಕರಿಸಿ ನಮೂದಿಸಬೇಕು, ‘ಚೆಕರ್’ ಆದ ಅಧಿಕಾರಿ ಅದನ್ನು ಅನುಮೋದಿಸಬೇಕು. ಮೇಕರ್ ರಜೆಯಲ್ಲಿದ್ದರೆ ಆ ತಿಂಗಳ ಪಟ್ಟಿ ಅಲ್ಲೇ ನಿಲ್ಲಬಹುದು. ನಿಮ್ಮ ವಿಶ್ವವಿದ್ಯಾಲಯದಲ್ಲಿ ಈ ಇಬ್ಬರು ಯಾರೆಂಬುದನ್ನು ತಿಳಿದುಕೊಂಡು, ಹಾಜರಾತಿ ಪತ್ರವನ್ನು ತಿಂಗಳ ಕೊನೆಯಲ್ಲಿ ತಪ್ಪದೆ ಕೊಡಿ.

ದೃಢೀಕರಣವಾದರೂ ಹಣ ಬಾರದಿದ್ದರೆ ನಿಮ್ಮ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಪರಿಶೀಲಿಸಿ. ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ವ್ಯವಸ್ಥೆಯಲ್ಲಿ ಆಧಾರ್ ಒಂದು ಖಾತೆಗೆ ಮಾತ್ರ ಜೋಡಣೆಯಾಗಿರುತ್ತದೆ, ಕೊನೆಗೆ ಜೋಡಿಸಿದ ಖಾತೆಯೇ ಊರ್ಜಿತ. ಊರಿನ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯುವಾಗ ಆಧಾರ್ ಜೋಡಣೆಗೆ ಸಹಿ ಮಾಡಿದ್ದನ್ನು ಮರೆತವರು ಫೆಲೋಶಿಪ್ ಬಂದಿಲ್ಲವೆಂದು ವಿಶ್ವವಿದ್ಯಾಲಯಕ್ಕೆ ಅಲೆಯುವುದುಂಟು.

ಹಾಸ್ಟೆಲಿನಲ್ಲಿರುವವರಿಗೆ ಮನೆ ಬಾಡಿಗೆ ಭತ್ಯೆ ಸಿಗುವುದಿಲ್ಲ. ವಿಶ್ವವಿದ್ಯಾಲಯ ವಸತಿ ಕೊಡದಿದ್ದರೆ ಅದಕ್ಕೆ ಪ್ರಮಾಣಪತ್ರ ಪಡೆದು ಭತ್ಯೆ ಕೇಳಬಹುದು. ಒಂದೇ ಕಾಲದಲ್ಲಿ ಎರಡು ಫೆಲೋಶಿಪ್ ಪಡೆಯುವಂತಿಲ್ಲ. ಹೆಚ್ಚಿನ ಮೊತ್ತದ್ದು ಬಂದಾಗ ಹಿಂದಿನದನ್ನು ಯಾವ ದಿನದಿಂದ ಬಿಟ್ಟುಕೊಡುತ್ತೀರಿ ಎಂದು ಲಿಖಿತವಾಗಿ ತಿಳಿಸಿ.

ಎರಡನೆಯ ವರ್ಷದ ಕೊನೆ: ಎಸ್‌ಆರ್‌ಎಫ್

ಜೆಆರ್‌ಎಫ್ ಎರಡು ವರ್ಷ ಪೂರೈಸಿದ ಕೂಡಲೇ ಎಸ್‌ಆರ್‌ಎಫ್ ಆಗಿ ತಾನಾಗಿ ಬದಲಾಗುವುದಿಲ್ಲ. ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು ಮತ್ತು ಹೊರಗಿನ ಒಬ್ಬ ವಿಷಯ ತಜ್ಞರು ಇರುವ ಸಮಿತಿ ನಿಮ್ಮ ಪ್ರಗತಿಯನ್ನು ಪರಿಶೀಲಿಸಿ ಶಿಫಾರಸು ಮಾಡಬೇಕು. ತೊಡಕು ಇರುವುದು ಹೊರಗಿನ ತಜ್ಞರ ದಿನಾಂಕ ಹೊಂದಿಸುವುದರಲ್ಲಿ. ಆದ್ದರಿಂದ ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ವಿಭಾಗಕ್ಕೆ ಕೋರಿಕೆ ಪತ್ರ ಕೊಡಿ. ಸಂಶೋಧನಾ ಸಲಹಾ ಸಮಿತಿಯ ಮುಂದೆ ಆರು ತಿಂಗಳಿಗೊಮ್ಮೆ ನೀಡಿದ ಪ್ರಗತಿ ವರದಿಗಳು, ಪ್ರಕಟಿತ ಲೇಖನ, ವಿಚಾರ ಸಂಕಿರಣದ ಪ್ರಮಾಣಪತ್ರ ಎಲ್ಲವನ್ನೂ ಒಂದೇ ಕಡತದಲ್ಲಿ ಸಿದ್ಧವಾಗಿಟ್ಟಿರಿ. ಸಮಿತಿ ತಡವಾಗಿ ಕೂತರೆ ತಿಂಗಳಿಗೆ 5,000 ರೂಪಾಯಿಯ ವ್ಯತ್ಯಾಸಕ್ಕಾಗಿ ಬಾಕಿ ಬಿಲ್ಲಿನ ಬೆನ್ನು ಹತ್ತಬೇಕಾಗುತ್ತದೆ. ಎಸ್‌ಆರ್‌ಎಫ್ ಹಂತದಲ್ಲಿ ಯುಜಿಸಿಯ ವಾರ್ಷಿಕ ಸಾದಿಲ್ವಾರು ಅನುದಾನವೂ ಮಾನವಿಕ ವಿಷಯಗಳಿಗೆ 10,000ದಿಂದ 20,500ಕ್ಕೆ, ವಿಜ್ಞಾನಕ್ಕೆ 12,000ದಿಂದ 25,000ಕ್ಕೆ ಏರುತ್ತದೆ.

ರಜೆಯ ವಿಷಯದಲ್ಲಿಯೂ ಲೆಕ್ಕ ಸ್ಪಷ್ಟವಾಗಿದೆ. ಸಾರ್ವಜನಿಕ ರಜೆಗಳಲ್ಲದೆ ವರ್ಷಕ್ಕೆ 30 ದಿನ ರಜೆ ಉಂಟು, ಬೇಸಿಗೆ ರಜೆ ಸಂಶೋಧನಾರ್ಥಿಗಳಿಗೆ ಇಲ್ಲ. ಮಹಿಳೆಯರಿಗೆ ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆ ಸಿಗುತ್ತದೆ.

ಪ್ರಶಸ್ತಿಗಳು ಮತ್ತು ಕೊನೆಯ ಬಿಲ್ಲು

ಪ್ರಶಸ್ತಿಗಳನ್ನು ಜೀವನೋಪಾಯವೆಂದು ನಂಬುವುದು ಬೇಡ. ಆದರೂ ಅರ್ಜಿಯೊಂದನ್ನು ಬರೆದು ಕಳಿಸುವ ಶ್ರಮಕ್ಕೆ ಅವು ತಕ್ಕವೇ. ವಿದೇಶದ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸುವ ವಿಜ್ಞಾನ ವಿದ್ಯಾರ್ಥಿಗಳಿಗೆ ಹಿಂದಿನ ಎಸ್‌ಇಆರ್‌ಬಿ, ಈಗಿನ ಎಎನ್‌ಆರ್‌ಎಫ್ ಎಂಬ ಕೇಂದ್ರದ ಸಂಶೋಧನಾ ಅನುದಾನ ಸಂಸ್ಥೆಯ ಪ್ರಯಾಣ ಅನುದಾನವಿದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ ಆರಂಭಿಸಿದ ಅವಸರ್ ಸ್ಪರ್ಧೆಯು ಪಿಎಚ್.ಡಿ. ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನು ಜನಸಾಮಾನ್ಯರಿಗೆ ತಿಳಿಯುವಂತೆ ಬರೆದ ಲೇಖನಗಳಿಗೆ ಒಂದು ಲಕ್ಷ ರೂಪಾಯಿಯವರೆಗೆ ಬಹುಮಾನ ಇಟ್ಟಿತ್ತು. ಇಂಥ ಪ್ರಕಟಣೆಗಳು ವಿಭಾಗದ ಸೂಚನಾ ಫಲಕಕ್ಕೆ ಬರುವಷ್ಟರಲ್ಲಿ ಕೊನೆಯ ದಿನ ದಾಟಿರುವುದೂ ಉಂಟು, ಹಾಗಾಗಿ ಸಂಸ್ಥೆಗಳ ಜಾಲತಾಣವನ್ನೇ ನೋಡುತ್ತಿರಿ.

ಮಹಾಪ್ರಬಂಧ ಸಲ್ಲಿಸಿದ ದಿನಕ್ಕೆ, ಇಲ್ಲವೇ ಐದು ವರ್ಷ ಮುಗಿದ ದಿನಕ್ಕೆ, ಯಾವುದು ಮೊದಲೋ ಆ ದಿನಕ್ಕೆ ಫೆಲೋಶಿಪ್ ನಿಲ್ಲುತ್ತದೆ. ಆದ್ದರಿಂದ ಪುಸ್ತಕ, ಮುದ್ರಣ, ಕ್ಷೇತ್ರಕಾರ್ಯದ ಪ್ರಯಾಣ ಮೊದಲಾದ ಸಾದಿಲ್ವಾರು ಬಿಲ್ಲುಗಳನ್ನು ಸಲ್ಲಿಕೆಗೆ ಮೊದಲೇ, ಮಾರ್ಗದರ್ಶಕರ ಸಹಿಯೊಂದಿಗೆ ಹಣಕಾಸು ವಿಭಾಗಕ್ಕೆ ತಲುಪಿಸಿ. ಬೇಬಾಕಿ ಪ್ರಮಾಣಪತ್ರಕ್ಕಾಗಿ ಗ್ರಂಥಾಲಯ ಮತ್ತು ಹಾಸ್ಟೆಲಿಗೆ ಹೋಗುವ ದಿನವೇ ಹಣಕಾಸು ವಿಭಾಗದ ವಿಷಯ ನಿರ್ವಾಹಕರನ್ನೂ ಕಂಡು, ನಿಮ್ಮ ಹೆಸರಿನಲ್ಲಿ ಯಾವ ತಿಂಗಳ ಹಣ ಬಾಕಿ ಇದೆ ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳಿ.